ಚಿಕ್ಕಮಗಳೂರಿನಿಂದ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ಕೊಲ್ಲಿಗೆ ರೆಕ್ ಡೈವಿಂಗ್ (ಮುಳುಗಿದ ಹಡಗು ನೋಡುವ ಡೈವಿಂಗ್) ಹೊರಟಿದ್ದೇನೆ, ಏನೇನು ಪ್ಯಾಕ್ ಮಾಡಲಿ?

ಮುಳ್ಳಯ್ಯನಗಿರಿ ಚಳಿಗೆ ಹಾಕುವ ಜರ್ಕಿನ್ ಬೋಟಿನ ಮೇಲಷ್ಟೇ ಸಾಕು. ಅಲ್ಲಿನ ನೀರು ಏಪ್ರಿಲ್‌ನಲ್ಲಿ 7–8 ಡಿಗ್ರಿ. 1919ರಲ್ಲಿ ಜರ್ಮನ್ನರೇ ಮುಳುಗಿಸಿದ ಯುದ್ಧನೌಕೆಗಳಲ್ಲಿ ಕೆಲವು 30 ಮೀಟರ್‌ಗೂ ಕೆಳಗಿವೆ. ಮೈಗೆ ನೀರು ತಾಗಿಸದ ಡ್ರೈಸೂಟ್ ಬೇಕೇ ಬೇಕು. ನೇತ್ರಾಣಿ ದ್ವೀಪದ ಬೆಚ್ಚಗಿನ ನೀರಲ್ಲಿ ಅದರ ಅಭ್ಯಾಸ ಆಗಿರಲ್ಲ, ಅಲ್ವಾ? ಮೊದಲು ತರಬೇತಿ ಮುಗಿಸಿ.

ಒಳಗೆ ಉಣ್ಣೆ ಹಾಕಿ. ಹತ್ತಿ ಬನಿಯನ್ ಬೆವರಿಗೇ ಒದ್ದೆಯಾಗಿ ನಡುಗಿಸುತ್ತದೆ. ಸೂಟಿನ ಕತ್ತಿನಲ್ಲಿ ನೀರು ತಡೆಯುವ ಲೇಟೆಕ್ಸ್ ಸೀಲ್ ಉಗುರು ತಾಗಿದರೂ ಹರಿಯಬಹುದು. ಉಗುರು ಕತ್ತರಿಸಿ, ಸೀಲಿಗೆ ಪರಿಮಳವಿಲ್ಲದ ಟಾಲ್ಕಂ ಪೌಡರ್ ಸವರಿ, ಒಂದು ಸ್ಪೇರ್ ಸೀಲೂ ಇಟ್ಟುಕೊಳ್ಳಿ. ಸಿಲಿಂಡರಿನ ಗಾಳಿಯನ್ನು ಉಸಿರಾಟಕ್ಕೆ ಕೊಡುವ ರೆಗ್ಯುಲೇಟರ್ ತಣ್ಣೀರಿಗೆ ಆಗುವಂಥದ್ದೇ ಇರಲಿ. ಇಲ್ಲದಿದ್ದರೆ ಒಳಗೆ ಹೆಪ್ಪುಗಟ್ಟಿ ಗಾಳಿ ನಿಲ್ಲದೆ ನುಗ್ಗಿ ಸಿಲಿಂಡರ್ ಸುಮ್ನೆ ಖಾಲಿಯಾಗುತ್ತದೆ.

ಟಾರ್ಚಿನ ಸ್ಪೇರ್ ಲಿಥಿಯಂ ಬ್ಯಾಟರಿ ವಿಮಾನದಲ್ಲಿ ಕೈಚೀಲದಲ್ಲೇ ಇರಬೇಕು. ಕೊನೆಯ ಡೈವ್ ಆದ ಮೇಲೆ ವಿಮಾನ ಹತ್ತಲು 24 ಗಂಟೆ ಬಿಡಿ.