ಬಿಸಿಲಿನ ಸಾವು ಏರುತ್ತಿದೆ, ಸೋಂಕಿನ ಸಾವು ಇಳಿಯುತ್ತಿದೆ ಎನ್ನುವುದು ನಿಜವೇ? ಮುಂದೆ ಬಿಸಿಲೇ ಹೆಚ್ಚು ಜನರನ್ನು ಕೊಲ್ಲುತ್ತದೆಯೇ?

ಮೊದಲ ಪ್ರಶ್ನೆಗೆ, ಬಹುಮಟ್ಟಿಗೆ ಹೌದು. ಎರಡನೆಯದಕ್ಕೆ ಹೌದು ಅನ್ನಲು ನಾನಂತೂ ಸಿದ್ಧನಿಲ್ಲ.

ಈ ಎರಡು ಸಾವುಗಳನ್ನು ಎಣಿಸುವ ಬಗೆಯೇ ಬೇರೆ. ಕ್ಷಯಕ್ಕೊಂದು ರೋಗಾಣು ಇದೆ, ಕಫ ಪರೀಕ್ಷೆಯಲ್ಲಿ ಸಿಗುತ್ತದೆ. ಬಿಸಿಲಿಗೆ ಅಂಥ ಗುರುತಿಲ್ಲ. ಹೀಟ್ ಸ್ಟ್ರೋಕ್ ಆಗಿ ಬಿದ್ದು ಸಾಯುವವರು ಕಡಿಮೆ. ಹೆಚ್ಚಿನವರು ಮೊದಲೇ ಹೃದಯ, ಮೂತ್ರಪಿಂಡ, ಶ್ವಾಸಕೋಶದ ತೊಂದರೆ ಇದ್ದ ವಯಸ್ಸಾದವರು. ರಾತ್ರಿಯೂ ಸೆಕೆ ಇಳಿಯದೆ ಒಳಗೇ ಕುಗ್ಗಿಹೋಗುತ್ತಾರೆ, ಮರಣ ಪ್ರಮಾಣಪತ್ರದಲ್ಲಿ ಮಾತ್ರ ‘ಹೃದಯಾಘಾತ’ ಎಂದಿರುತ್ತದೆ. ಹಾಗಾಗಿ ಆ ವಾರಗಳಲ್ಲಿ ಎಂದಿಗಿಂತ ಎಷ್ಟು ಹೆಚ್ಚು ಜನ ಸತ್ತರು ಎಂದು ನೋಡಿ ಅಂದಾಜು ಮಾಡಬೇಕು. 2003ರ ಬೇಸಿಗೆಯಲ್ಲಿ ಯುರೋಪಿನಲ್ಲಿ ಸುಮಾರು 70,000 ಸಾವು ಎಂದು ಗೊತ್ತಾದದ್ದು ಹೀಗೆ. ಜಗತ್ತಿನ ಮಟ್ಟದಲ್ಲಿ 2000ರಿಂದ 2019ರವರೆಗೆ ವರ್ಷಕ್ಕೆ ಸರಾಸರಿ 4.89 ಲಕ್ಷ ಎಂಬ ಅಂದಾಜಿದೆ.

ಏರಿಕೆಯಲ್ಲೂ ಒಂದು ಸೂಕ್ಷ್ಮವಿದೆ. 65 ದಾಟಿದವರಲ್ಲಿ ಬಿಸಿಲಿನ ಸಾವು 1991–2000ಕ್ಕೆ ಹೋಲಿಸಿದರೆ 2013–22ರಲ್ಲಿ ಶೇ 85ರಷ್ಟು ಹೆಚ್ಚಿತು ಎನ್ನುತ್ತದೆ ಲ್ಯಾನ್ಸೆಟ್ ಕೌಂಟ್‌ಡೌನ್ ವರದಿ (ಹವಾಮಾನ ಬದಲಾವಣೆ ಆರೋಗ್ಯದ ಮೇಲೆ ಬೀರುವ ಪರಿಣಾಮವನ್ನು ವರ್ಷವರ್ಷ ಅಳೆಯುವ ವರದಿ ಇದು). ಅದೇ ವರದಿಯ ಪ್ರಕಾರ ತಾಪಮಾನ ಬದಲಾಗದೇ ಇದ್ದಿದ್ದರೂ, ವೃದ್ಧರ ಸಂಖ್ಯೆ ಬೆಳೆದದ್ದರಿಂದಲೇ ಶೇ 38ರಷ್ಟು ಏರುತ್ತಿತ್ತು. ಶೇ 85 ಅಂತ ತಲೆಬರಹ ಕೊಡುವವರು ಈ 38ನ್ನು ಹೇಳುವುದು ಅಪರೂಪ. ಉಳಿದದ್ದೂ ಸಣ್ಣದೇನಲ್ಲ, ಬಿಡಿ.

ಇನ್ನು ಸೋಂಕು. ಏಡ್ಸ್ ಸಾವು 2004ರ ಸುಮಾರಿಗೆ 20 ಲಕ್ಷ ಮುಟ್ಟಿದ್ದು, 2023ಕ್ಕೆ 6.3 ಲಕ್ಷಕ್ಕೆ ಇಳಿದಿದೆ. ಔಷಧಿ ತಲುಪಿದ್ದೇ ಕಾರಣ. ಆದರೂ ಕ್ಷಯವೊಂದೇ 2023ರಲ್ಲಿ 12.5 ಲಕ್ಷ ಜನರನ್ನು ಬಲಿ ತೆಗೆದುಕೊಂಡಿತು, ಅಂದರೆ ಬಿಸಿಲಿನ ಅಂದಾಜಿನ ಎರಡೂವರೆ ಪಟ್ಟು. ಮಲೇರಿಯಾ ಸಾವುಗಳ ಇಳಿಕೆ 2015ರ ನಂತರ ಹೆಚ್ಚುಕಡಿಮೆ ನಿಂತೇ ಹೋಗಿದೆ, 2023ರಲ್ಲಿ 5.97 ಲಕ್ಷ. ಕೋವಿಡ್ ಬಂದಾಗ ಇಳಿಮುಖದ ಗೆರೆ ಎಷ್ಟು ಬೇಗ ತಿರುಗಬಲ್ಲದು ಎಂದು ಎಲ್ಲರೂ ಕಂಡೆವು.

ಇವೆರಡೂ ಪ್ರತ್ಯೇಕ ಖಾತೆಗಳೆಂದೂ ನಾನು ಒಪ್ಪುವುದಿಲ್ಲ. 2022ರ ಮಹಾಪ್ರವಾಹದ ನೀರು ನಿಂತ ಪಾಕಿಸ್ತಾನದಲ್ಲಿ ಮಲೇರಿಯಾ ಪ್ರಕರಣಗಳು ಸುಮಾರು ಐದು ಪಟ್ಟಾದವು. ಅಲ್ಲಿ ಸತ್ತವರು ಸೋಂಕಿನ ಲೆಕ್ಕಕ್ಕೇ ಸೇರುತ್ತಾರೆ, ಹವಾಮಾನದ ಲೆಕ್ಕಕ್ಕಲ್ಲ.