ಐದನೇ ಪುಟದ ಹುಡುಗಿ

ಪ್ರಿಯರೇ, ನಮಸ್ಕಾರ.

ನಿಮ್ಮ ‘ಎರಡು ದಡಗಳ ನಡುವೆ’ ಲೇಖನವನ್ನು ಎರಡು ಸಲ ಓದಿದೆ. ಅಮೆರಿಕದ ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಹದಿಹರೆಯದವರಲ್ಲಿ ಖಿನ್ನತೆ ಯಾಕೆ ಜಾಸ್ತಿ, ಹೊಸ ಸಂಸ್ಕೃತಿಗೆ ಹೊಂದಿಕೊಳ್ಳುವುದಕ್ಕೂ ಅದಕ್ಕೂ ಏನು ನಂಟು ಅನ್ನುವುದು ನಿಮ್ಮ ವಿಷಯ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಾಗಲೂ ಮನಸ್ಸು ಬರಲಿಲ್ಲ. ಅದಕ್ಕೇ ಉದ್ದವಾಗಿ ಬರೆಯುತ್ತಿದ್ದೇನೆ.

ಲೇಖನದ ಐದನೇ ಪುಟದಲ್ಲಿ ಒಬ್ಬ ಹುಡುಗಿ ಇದ್ದಾಳೆ. ಹದಿನಾಲ್ಕು ವರ್ಷ. ಕ್ಯಾಲಿಫೋರ್ನಿಯಾದ ಫ್ರೆಸ್ನೋದಲ್ಲಿ, ಶಾಲೆ ಬಿಟ್ಟ ಮೇಲೆ ನೀವು ಗಣಿತ ಹೇಳಿಕೊಡುವ ಮಕ್ಕಳಲ್ಲಿ ಒಬ್ಬಳು. ಅಪ್ಪ ಅಮ್ಮ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುತ್ತಾರೆ. ಅಮ್ಮನಿಗೆ ಇಂಗ್ಲಿಷ್ ಬಾರದು, ಅದಕ್ಕೆ ಆಸ್ಪತ್ರೆಗೆ ಮಗಳೇ ಜೊತೆಗೆ ಹೋಗುತ್ತಾಳೆ. ಡಾಕ್ಟರು ‘ಗಂಟು ಇದೆ, ಬಯಾಪ್ಸಿ ಮಾಡಬೇಕು’ ಅನ್ನುತ್ತಾರೆ. ಹುಡುಗಿ ಅಮ್ಮನ ಕಡೆ ತಿರುಗಿ ‘ಇನ್ನೊಂದು ಟೆಸ್ಟ್ ಇದೆಯಂತೆ, ಅಷ್ಟೇ’ ಅನ್ನುತ್ತಾಳೆ. ಮಾರನೇ ದಿನ ನಿಮ್ಮ ಕ್ಲಾಸಿಗೆ ಬಂದು, ಪುಸ್ತಕ ತೆಗೆಯದೆ, ಪೆನ್ಸಿಲ್ ತುದಿಯ ರಬ್ಬರನ್ನು ಉಗುರಿನಿಂದ ಕೀಳುತ್ತಾ ಕೂತಿರುತ್ತಾಳೆ.

ಇದಕ್ಕೆ ನೀವು ಕೊಟ್ಟಿರುವುದು ಐದೇ ಸಾಲು. ಅದಕ್ಕೆ ಮುಂಚೆ ನಾಲ್ಕು ಪುಟ ಪೀಠಿಕೆ!

ಆ ಐದು ಸಾಲು ಓದುವಾಗ ನನಗೆ ನಮ್ಮಜ್ಜಿ ನೆನಪಾದರು. ಅವರಿಗೆ ಓದು ಬಾರದು. ಬ್ಯಾಂಕಿನಿಂದ ಕಾಗದ ಬಂದರೆ ನಾನೇ ಓದಿ ಹೇಳಬೇಕಿತ್ತು. ಆಗ ನನಗೆ ಹತ್ತೋ ಹನ್ನೊಂದೋ. ಒಂದು ಸಲ ‘ಹರಾಜು’ ಅನ್ನುವ ಪದ ಬಂತು. ಅದನ್ನು ನುಂಗಿಕೊಂಡು ಮಿಕ್ಕಿದ್ದನ್ನು ಓದಿದೆ. ಆ ರಾತ್ರಿ ಊಟ ಸೇರಲಿಲ್ಲ. ನಿಮ್ಮ ಹುಡುಗಿಯ ವಿಷಯ ನನಗೆ ಅರ್ಥವಾಗಲು ‘ಸಾಂಸ್ಕೃತಿಕ ಸಂಘರ್ಷ’ ಅನ್ನುವ ಪದ ಬೇಕಾಗಲಿಲ್ಲ.

ಅಲ್ಲೇ ನನ್ನ ಮುಖ್ಯ ತಕರಾರು. ‘ಎರಡು ಸಂಸ್ಕೃತಿಗಳ ನಡುವೆ ಸಿಕ್ಕಿ ನಲುಗುವ ಮಕ್ಕಳು’ ಎಂಬ ಮಾತು ನಿಮ್ಮ ಲೇಖನದಲ್ಲಿ ಏಳು ಸಲ ಬಂದಿದೆ. ಎಣಿಸಿದ್ದೇನೆ. ಏಳು ಸಲ ಓದಿದರೂ ಆ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಾಗುವುದಿಲ್ಲ. ಮಗುವಿನ ಮನಸ್ಸು ಕುಗ್ಗಿಸುವುದು ಮನೆಯೊಳಗಿನ ಜಗಳ, ಶಾಲೆಯಲ್ಲಿ ಕೇಳುವ ಅವಮಾನದ ಮಾತು, ಬಾಡಿಗೆಗೆ ಸಾಲದ ಸಂಬಳ, ಕೆಲಸಕ್ಕೆ ಹೋದ ಅಪ್ಪನನ್ನು ದಾರಿಯಲ್ಲೇ ಹಿಡಿದು ಗಡೀಪಾರು ಮಾಡಿಬಿಟ್ಟರೆ ಅನ್ನುವ ಭಯ. ಇವೆಲ್ಲ ನಿಮಗೆ ಗೊತ್ತಿದೆ, ಅಲ್ಲಲ್ಲಿ ಹೆಸರಿಸಿಯೂ ಇದ್ದೀರಿ. ಆದರೆ ಎಲ್ಲವನ್ನೂ ‘ಸಂಸ್ಕೃತಿ’ ಅನ್ನುವ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದ್ದೀರಿ. ಆ ಚೀಲ ಬಿಚ್ಚಿ.

ಅಂಕಿಗಳ ವಿಷಯಕ್ಕೆ ಬರುತ್ತೇನೆ. ‘ಲ್ಯಾಟಿನೋ ಮಕ್ಕಳಲ್ಲಿ ಶೇ. 46ರಷ್ಟು ಜನರಿಗೆ ಖಿನ್ನತೆ ಕಾಯಿಲೆ ಇದೆ’ ಎಂದು ಬರೆದಿದ್ದೀರಿ. ಇದು ತಪ್ಪು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಹೈಸ್ಕೂಲು ಮಕ್ಕಳ ಸಮೀಕ್ಷೆ ನಡೆಸಿದಾಗ ಬಂದ ಅಂಕಿ ಅದು. ಅಲ್ಲಿ ಕೇಳಿದ್ದ ಪ್ರಶ್ನೆ ಬೇರೆ: ಕಳೆದ ಒಂದು ವರ್ಷದಲ್ಲಿ, ಸತತ ಎರಡು ವಾರ ಅಥವಾ ಅದಕ್ಕೂ ಹೆಚ್ಚು ಕಾಲ, ಹೆಚ್ಚುಕಡಿಮೆ ದಿನವೂ, ಮಾಮೂಲಿ ಕೆಲಸಗಳನ್ನೇ ಬಿಡುವಷ್ಟು ದುಃಖ ಅಥವಾ ಹತಾಶೆ ಆಗಿತ್ತಾ? ಹೌದು ಅಂದವರನ್ನು ಆ ಸಮೀಕ್ಷೆಯಲ್ಲಿ ಯಾವ ಡಾಕ್ಟರೂ ಪರೀಕ್ಷೆ ಮಾಡಿರಲಿಲ್ಲ. ಜೊತೆಗೆ ಅದು ಕೋವಿಡ್ ಕಾಲ. ಎಲ್ಲ ಮಕ್ಕಳನ್ನೂ ಸೇರಿಸಿದರೆ ಆ ವರ್ಷ ಶೇ. 42 ಜನ ಹೌದು ಅಂದಿದ್ದರು. ಹುಡುಗಿಯರನ್ನಷ್ಟೇ ತೆಗೆದುಕೊಂಡರೆ ಶೇ. 57. ಅಂದರೆ ಲ್ಯಾಟಿನೋ ಮಕ್ಕಳಿಗೂ ಉಳಿದವರಿಗೂ ಇರುವುದಕ್ಕಿಂತ ದೊಡ್ಡ ಅಂತರ ಹುಡುಗಿಯರಿಗೂ ಹುಡುಗರಿಗೂ ಇದೆ. ಇಷ್ಟು ಮುಖ್ಯವಾದ ಮಾತು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ನಿಮ್ಮ ಕಥೆಯಲ್ಲಿರುವುದೂ ಹುಡುಗಿಯೇ ಅಲ್ವಾ?

ಇನ್ನೊಂದು. ಶುರುವಿನಿಂದ ಕೊನೆಯವರೆಗೂ ‘ವಲಸೆ ಬಂದ ಮಕ್ಕಳು’ ಅನ್ನುತ್ತೀರಿ. ಹದಿನೆಂಟರೊಳಗಿನ ಲ್ಯಾಟಿನೋ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಹೆಚ್ಚು ಮಂದಿ ಹುಟ್ಟಿದ್ದು ಅಮೆರಿಕದಲ್ಲೇ. ವಲಸೆ ಬಂದವರು ಅವರ ಅಪ್ಪ ಅಮ್ಮ, ಕೆಲವರಿಗೆ ಅಜ್ಜ ಅಜ್ಜಿ. ಅಮೆರಿಕದ ಆಡಳಿತದಲ್ಲಿರುವ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದವರಂತೂ 1917ರಿಂದಲೇ ಅಮೆರಿಕದ ಪ್ರಜೆಗಳು. ಫ್ರೆಸ್ನೋ ಸುತ್ತಲಿನ ಹೊಲಗಳಲ್ಲಿ ಮೆಕ್ಸಿಕೋದ ಒಹಾಕಾದಿಂದ ಬಂದವರೂ ಬಹಳ ಜನ ಇದ್ದಾರೆ. ಅವರಲ್ಲಿ ಎಷ್ಟೋ ಮಂದಿಯ ಮನೆಮಾತು ಸ್ಪ್ಯಾನಿಷ್ ಅಲ್ಲ, ಅಲ್ಲಿನ ಮೂಲನಿವಾಸಿಗಳ ಭಾಷೆ ಮಿಸ್ಟೆಕೊ. ನಿಮ್ಮ ಹುಡುಗಿಯ ಮನೆಯಲ್ಲಿ ಯಾವ ಮಾತು ಆಡುತ್ತಾರೆ? ಕೇಳಿ ತಿಳಿದು ಬರೆಯಿರಿ. ‘ಲ್ಯಾಟಿನೋ’ ಅಂದ ಕೂಡಲೇ ಎಲ್ಲರೂ ಒಂದೇ ಅಂತ ಓದುಗರು ಅಂದುಕೊಳ್ಳಬಾರದು.

ನಿಮ್ಮ ಆರನೇ ಪುಟದ ವಾದ ನನಗೆ ಎಲ್ಲಕ್ಕಿಂತ ಜಾಸ್ತಿ ಕಳವಳ ತಂದಿತು. ‘ಈ ಮಕ್ಕಳು ಬೇಗ ಅಮೆರಿಕನ್ನರಾಗಿಬಿಟ್ಟರೆ ಖಿನ್ನತೆ ತಾನಾಗಿ ಕಡಿಮೆಯಾಗುತ್ತದೆ’ ಎಂದು ಬರೆದಿದ್ದೀರಿ. ನೀವಿರುವ ಫ್ರೆಸ್ನೋ ಕೌಂಟಿಯಲ್ಲೇ ಸಂಶೋಧಕ ವಿಲಿಯಂ ವೇಗಾ ಮತ್ತು ಜೊತೆಗಾರರು ಮೂರು ಸಾವಿರದಷ್ಟು ಮೆಕ್ಸಿಕನ್ ಮೂಲದ ವಯಸ್ಕರನ್ನು ಮಾತಾಡಿಸಿದ್ದರು. ಫಲಿತಾಂಶ ಪ್ರಕಟವಾದದ್ದು 1998ರಲ್ಲಿ. ಅಮೆರಿಕದಲ್ಲೇ ಹುಟ್ಟಿದವರಿಗೆ ಹೋಲಿಸಿದರೆ ಮೆಕ್ಸಿಕೋದಿಂದ ಬಂದವರಲ್ಲಿ ಮಾನಸಿಕ ಕಾಯಿಲೆ ಅರ್ಧದಷ್ಟೇ ಇತ್ತು. ಬಂದವರಲ್ಲೂ ಹೆಚ್ಚು ವರ್ಷ ಅಲ್ಲಿ ಉಳಿದವರಲ್ಲಿ ಕಾಯಿಲೆ ಹೆಚ್ಚು ಕಂಡಿತು. ಅದು ದೊಡ್ಡವರ ಅಧ್ಯಯನ, ಹಾಗೇ ತಂದು ಮಕ್ಕಳ ಮೇಲೆ ಹೊರಿಸಬೇಡಿ. ಆದರೆ ‘ಬೇಗ ಬದಲಾದರೆ ಎಲ್ಲ ಸರಿಹೋಗುತ್ತದೆ’ ಅನ್ನುವ ಮಾತನ್ನು ಬರೆಯುವ ಮುಂಚೆ ನಿಮ್ಮ ಊರಿನ ಈ ಅಧ್ಯಯನಕ್ಕೆ ಉತ್ತರ ಕೊಡಬೇಕು.

ಕುಟುಂಬದ ಬಗ್ಗೆ ಬರೆದದ್ದೂ ಹಾಗೆಯೇ. ಮನೆಯೇ ಮೊದಲು, ಮನೆಗಾಗಿ ಎಲ್ಲ ಅನ್ನುವ ಭಾವಕ್ಕೆ ಲ್ಯಾಟಿನೋ ಜನ ಫಮಿಲಿಸ್ಮೊ ಅನ್ನುತ್ತಾರೆ. ಅದನ್ನು ನೀವು ಖಳನಾಯಕನ ಸ್ಥಾನದಲ್ಲಿ ಕೂರಿಸಿದ್ದೀರಿ. ಅದು ಎಷ್ಟೋ ಮಕ್ಕಳನ್ನು ಕಾಯುತ್ತದೆ. ಸಂಜೆ ಮನೆ ತುಂಬ ಜನ, ಅಜ್ಜಿ ಕೈಯಡುಗೆ, ಹೇಳಿಕೊಳ್ಳಲು ಒಬ್ಬ ಸೋದರತ್ತೆ: ಇವೆಲ್ಲ ಔಷಧಿಯೇ. ಅದೇ ಭಾವ ಕೆಲವೊಮ್ಮೆ ಭಾರವೂ ಆಗುತ್ತದೆ. ಮಕ್ಕಳು ಇಂಗ್ಲಿಷನ್ನೂ ಅಲ್ಲಿನ ರೀತಿಯನ್ನೂ ಬೇಗ ಕಲಿಯುತ್ತಾರೆ, ಅಪ್ಪ ಅಮ್ಮ ನಿಧಾನ. ಆಗ ಮಗಳು ಎದುರು ಮಾತಾಡಿದಳು ಅಂತ ಅಪ್ಪ, ಅಪ್ಪನಿಗೆ ಏನೂ ಗೊತ್ತಿಲ್ಲ ಅಂತ ಮಗಳು. ಮಯಾಮಿಯಲ್ಲಿ ಮನಶ್ಶಾಸ್ತ್ರಜ್ಞ ಹೋಸೆ ಸಪೋಚ್ನಿಕ್ 1970ರ ದಶಕದಿಂದ ಕ್ಯೂಬನ್ ಕುಟುಂಬಗಳ ಜೊತೆ ಕೆಲಸ ಮಾಡುತ್ತಾ ಇದನ್ನೇ ಗಮನಿಸಿದರು. ಅವರ ತಂಡ ಇಬ್ಬರನ್ನೂ ಒಟ್ಟಿಗೆ ಕೂರಿಸಿತು. ಈ ಜಗಳ ನಿಮ್ಮಿಬ್ಬರದಲ್ಲ, ಎರಡು ರೂಢಿಗಳದು ಎಂದು ತೋರಿಸಿತು. ಅಪ್ಪ ಅಮ್ಮನಿಗೆ ಮಕ್ಕಳ ಲೋಕವನ್ನೂ ಮಕ್ಕಳಿಗೆ ಅಪ್ಪ ಅಮ್ಮನ ಲೋಕವನ್ನೂ ಕಲಿಸಿತು. ಎರಡೂ ಕಡೆ ಕಾಲೂರಿ ನಿಲ್ಲಬಹುದು ಅಂತ ಇದರಿಂದ ಗೊತ್ತಾಗುತ್ತದೆ. ನಿಮ್ಮ ತಲೆಬರಹದ ‘ಎರಡು ದಡ’ದಲ್ಲಿ ಅದಕ್ಕೆ ಜಾಗವೇ ಇಲ್ಲ.

ದುಭಾಷಿ ಕೆಲಸವೂ ಅಷ್ಟೇ. ಎಲ್ಲ ಮಕ್ಕಳಿಗೂ ಅದು ಹೊರೆಯಲ್ಲ. ಅಂಗಡಿಯಲ್ಲಿ, ಶಾಲೆಯಲ್ಲಿ ಅಮ್ಮನ ಪರ ಮಾತಾಡಿ ಹೆಮ್ಮೆ ಪಡುವವರೂ ಇದ್ದಾರೆ. ಆದರೆ ಗಂಟು, ಬಯಾಪ್ಸಿ ಅನ್ನುವ ಮಾತುಗಳನ್ನು ಹದಿನಾಲ್ಕರ ಹುಡುಗಿಯ ಬಾಯಲ್ಲಿ ಹೇಳಿಸುವುದು ತಪ್ಪು. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ತುರ್ತು ಸಂದರ್ಭ ಬಿಟ್ಟು ಬೇರೆ ಹೊತ್ತಿನಲ್ಲಿ ಮಕ್ಕಳನ್ನು ದುಭಾಷಿ ಮಾಡಬಾರದು ಅಂತ 2016ರಲ್ಲೇ ಫೆಡರಲ್ ನಿಯಮ ಬಂದಿದೆ. ಹಾಗಿದ್ದೂ ಆ ಕೋಣೆಯಲ್ಲಿ ದುಭಾಷಿ ಯಾಕಿರಲಿಲ್ಲ? ಅಮ್ಮ ಕೇಳಲಿಲ್ಲವೋ, ಕೇಳಬಹುದು ಅಂತ ಗೊತ್ತಿರಲಿಲ್ಲವೋ? ಇದನ್ನು ವಿಚಾರಿಸಿ. ಆಸ್ಪತ್ರೆಯ ಹೆಸರು ಬೇಡ.

ಭಾಷೆಯ ಬಗ್ಗೆ ಒಂದು ಮಾತು. ಪ್ರತಿ ಪುಟದಲ್ಲೂ ‘ಖಿನ್ನತೆ’, ‘ಖಿನ್ನತೆಯ ಅಪಾಯಕಾರಿ ಅಂಶಗಳು’. ಆ ಮನೆಗಳಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ‘ನೆರ್ವಿಯೋಸ್’ ಅನ್ನುತ್ತಾರೆ ಅಂತ ನೀವೇ ಒಂದು ಕಡೆ ಬರೆದು ಮುಂದೆ ಹೋಗಿದ್ದೀರಿ. ನೆರ್ವಿಯೋಸ್ ಅಂದರೆ ನರಗಳು. ನಮ್ಮಲ್ಲೂ ‘ನರದ ವೀಕ್‌ನೆಸ್’ ಅಂತ ಡಾಕ್ಟರ ಹತ್ತಿರ ಹೋಗುವವರು ಎಷ್ಟು ಜನ! ನಿಮ್ಮ ಕನ್ನಡದ ಓದುಗರು ಆ ತಾಯಿಯನ್ನು ಅರ್ಥ ಮಾಡಿಕೊಳ್ಳುವುದು ಇಲ್ಲೇ. ಹಾಗೇ, ಹದಿಹರೆಯದಲ್ಲಿ ಖಿನ್ನತೆ ಅಳುವಿನ ರೂಪದಲ್ಲೇ ಬರಬೇಕಿಲ್ಲ. ಸಿಡುಕು, ಹೊಟ್ಟೆನೋವು, ತಲೆನೋವು, ರಾತ್ರಿಯೆಲ್ಲ ಎಚ್ಚರ, ಇಷ್ಟದ ಆಟ ಬಿಡುವುದು. ‘ಅವಳಿಗೆ ಕೊಬ್ಬು’ ಅಂತ ಮನೆಯವರು ಬೈಯುವ ಮಗು ಕಾಯಿಲೆಯಲ್ಲಿರಬಹುದು. ಇದನ್ನು ದಯವಿಟ್ಟು ಸೇರಿಸಿ.

ಕೊನೆಯ ಪುಟದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದ ಕನ್ನಡ ಮಕ್ಕಳನ್ನು ಇವರ ಜೊತೆ ಹೋಲಿಸಿದ್ದೀರಿ. ಅದನ್ನು ತೆಗೆಯಿರಿ. ಸಾಫ್ಟ್‌ವೇರ್ ಕೆಲಸಕ್ಕೆ ವೀಸಾ ಪಡೆದು ಹೋದವರ ಮನೆಯ ಕಷ್ಟ ಬೇರೆ, ಕಾಗದಪತ್ರವಿಲ್ಲದೆ ದ್ರಾಕ್ಷಿ ಕೀಳುವವರ ಮನೆಯ ಕಷ್ಟ ಬೇರೆ.

ಆತ್ಮಹತ್ಯೆಗೆ ಯತ್ನಿಸಿದ ಹುಡುಗನ ಪ್ಯಾರಾದಲ್ಲಿ ಅವನು ಏನು ಬಳಸಿದ, ಹೇಗೆ ಮಾಡಿದ ಅನ್ನುವುದನ್ನು ಪೂರ್ತಿ ಹೊಡೆದುಹಾಕಿದ್ದೇನೆ. ಈ ವಿಷಯದಲ್ಲಿ ಚರ್ಚೆ ಇಲ್ಲ. ಅದನ್ನು ಓದುವ ಒಂದು ಮಗು ಎಲ್ಲೋ ಇರುತ್ತದೆ. ಲೇಖನದ ಕೆಳಗೆ ಸಹಾಯವಾಣಿಗಳನ್ನು ಹಾಕುತ್ತೇವೆ: ಅಮೆರಿಕದಲ್ಲಿ 988, ಸ್ಪ್ಯಾನಿಷ್ ಬೇಕಾದರೆ 2 ಒತ್ತಬೇಕು. ನಮ್ಮಲ್ಲಿ ಟೆಲಿ ಮಾನಸ್ 14416, ಕನ್ನಡದಲ್ಲೂ ಮಾತಾಡುತ್ತಾರೆ.

ಹೊಸದಾಗಿ ಬರೆಯುವಾಗ ಆಸ್ಪತ್ರೆಯ ಕೋಣೆಯಿಂದ ಶುರು ಮಾಡಿ. ಅಂಕಿಗಳು ಆ ಹುಡುಗಿಯ ಹಿಂದೆ ಹಿಂದೆ ಬರಲಿ. ಅವಳ ಹೆಸರು, ಶಾಲೆ, ಊರಿನ ಗುರುತು ಎಲ್ಲ ಬದಲಾಯಿಸಿ. ಅವಳಿಗೂ ಅವಳ ಅಮ್ಮನಿಗೂ ಓದಿ ಹೇಳಿ ಒಪ್ಪಿಗೆ ಪಡೆಯಿರಿ. ಅಮ್ಮನಿಗೆ ಹೇಳುವಾಗ ಮಾತ್ರ ಮಗಳನ್ನೇ ದುಭಾಷಿ ಮಾಡಿಕೊಳ್ಳಬೇಡಿ. ಮುಂದಿನ ತಿಂಗಳ ಹತ್ತನೇ ತಾರೀಖಿನೊಳಗೆ ಬಂದರೆ ಅದರ ನಂತರದ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ.

ಮತ್ತೆ, ಬಯಾಪ್ಸಿ ರಿಪೋರ್ಟ್ ಬಂದ ದಿನ ಅದನ್ನು ಅಮ್ಮನಿಗೆ ಹೇಳಿದ್ದು ಯಾರು? ನಿಮ್ಮ ಲೇಖನದಲ್ಲಿ ಅದಿಲ್ಲ. ಎರಡು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ. ನಿಮಗೆ ಗೊತ್ತಿದ್ದರೆ, ಅವಳೂ ಒಪ್ಪಿದರೆ, ಅದನ್ನು ಬರೆಯಿರಿ.