ನಿಮ್ಮ ಬೀಥೋವನ್ ಲೇಖನದಲ್ಲಿ ಸಂಗೀತ ಎಲ್ಲಿದೆ?

ನಮಸ್ಕಾರ,

ಬೀಥೋವನ್ ಸಿಂಫನಿಯನ್ನು (ದೊಡ್ಡ ವಾದ್ಯಮೇಳಕ್ಕೆ ಬರೆದ, ಹಲವು ಭಾಗಗಳ ಕೃತಿ) ರೊಮ್ಯಾಂಟಿಕ್ ಕಾಲದ, ಅಂದರೆ ಭಾವನೆಗೆ ಮೊದಲ ಮಣೆ ಹಾಕಿದ 19ನೆಯ ಶತಮಾನದ ಸಂಗೀತದ, ಕಡೆಗೆ ತಿರುಗಿಸಿದ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಆದರೆ ವಿಷಯ ಒಳ್ಳೆಯದು, ನಿಮ್ಮ ಕನ್ನಡವೂ ಸಲೀಸಾಗಿದೆ, ಅದಕ್ಕೇ ಸುಮ್ನೆ 'ಬೇಡ' ಅಂದು ಮುಗಿಸದೆ ಇಷ್ಟುದ್ದ ಬರೆಯುತ್ತಿದ್ದೇನೆ.

ಎಂಟು ಪುಟದಲ್ಲಿ ಐದು ಪುಟ ಅವನ ಬದುಕಿಗೇ ಹೋಗಿದೆ. ಕುಡುಕ ಅಪ್ಪ, ಬಾನ್ ಬಿಟ್ಟು ವಿಯೆನ್ನಾಕ್ಕೆ ಬಂದದ್ದು, ಕಿವುಡು, ನೆಪೋಲಿಯನ್ ಮೇಲಿನ ಸಿಟ್ಟು. ಮೂರನೆಯ ಸಿಂಫನಿ 'ಎರೋಯಿಕಾ'ದ ಹತ್ತಿರ ಬರುವಷ್ಟರಲ್ಲಿ ನಿಮಗೇ ಸುಸ್ತಾದಂತಿದೆ. ಅಲ್ಲಿ ಸಿಗುವುದು 'ಅಭೂತಪೂರ್ವ', 'ಭಾವನೆಗಳ ಮಹಾಪೂರ', 'ಮೈನವಿರೇಳಿಸುವ'. ಇವನ್ನು ಯಾವ ಸಂಗೀತಕ್ಕೆ ಬೇಕಾದರೂ ಅಂಟಿಸಬಹುದು, ಅಲ್ವಾ? ನಿಜವಾಗಿ ಬದಲಾದದ್ದು ಏನು ಅನ್ನುವುದು ಮಾತ್ರ ಎಲ್ಲೂ ಇಲ್ಲ.

'ಸಿಂಫನಿ ಉದ್ದವಾಯಿತು' ಎಂದು ಒಂದು ಸಾಲಿದೆ. ಸರಿ. ಹಿಂದಿನ ತಲೆಮಾರಿನ ಹೈಡನ್, ಮೊಜಾರ್ಟ್ ಸಿಂಫನಿಗಳು ಹೆಚ್ಚಾಗಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತವೆ, ಎರೋಯಿಕಾಕ್ಕೆ ಸುಮಾರು 50 ನಿಮಿಷ ಬೇಕು. ಆದರೆ ಆ ಉದ್ದ ಬಂದದ್ದು ಎಲ್ಲಿಂದ? ಮೊದಲ ಭಾಗದಲ್ಲಿ 691 ಬಾರ್‌ಗಳಿವೆ (ಬಾರ್ ಅಂದರೆ ತಾಳದ ಒಂದು ಆವರ್ತದಂಥ ಅಳತೆ). ರಾಗದ ಎಳೆಗಳನ್ನು ಪರಿಚಯ ಮಾಡಿಕೊಡುವುದಕ್ಕೆ ಸುಮಾರು 150 ಬಾರ್, ಅವನ್ನು ಮುರಿದು, ತಿರುಚಿ, ಎಲ್ಲೆಲ್ಲಿಗೋ ಎಳೆದುಕೊಂಡು ಹೋಗುವುದಕ್ಕೆ ಹೆಚ್ಚು ಕಡಿಮೆ 245. ಅಷ್ಟು ಸಾಲದು ಎಂಬಂತೆ ಆ ಗದ್ದಲದ ನಡುವೆ, ಅಲ್ಲಿಯವರೆಗೆ ಕೇಳದ ಒಂದು ಹೊಸ ಧುನ್ ಬೇರೆ, ಇ ಮೈನರ್‌ನಲ್ಲಿ, ಅಂದರೆ ಮೂಲ ಶ್ರುತಿಯಿಂದ ಬಹಳ ದೂರದ ಶ್ರುತಿಯಲ್ಲಿ! ಕೊನೆಯ ಕೋಡಾ (ಮುಕ್ತಾಯದ ತುಣುಕು) ಕೂಡ 130 ಬಾರ್ ದಾಟುತ್ತದೆ. ಅಂದರೆ ತೂಕ ಪರಿಚಯದಿಂದ ಹೋರಾಟಕ್ಕೆ ಜಾರಿದೆ. ನೀವು ಬರೆಯಬೇಕಾದದ್ದು ಇದು.

ನಾಲ್ಕನೆಯ ಪುಟದಲ್ಲಿ ಇದನ್ನು ನಮ್ಮ ರಾಗವಿಸ್ತಾರಕ್ಕೆ ಹೋಲಿಸಿದ್ದೀರಿ. ತೆಗೆದುಬಿಡಿ. ನಮ್ಮಲ್ಲಿ ತಂಬೂರಿ ಒಂದು ಷಡ್ಜ ಹಿಡಿದರೆ ಕಛೇರಿ ಮುಗಿಯುವ ತನಕ ಅದು ಅಲುಗುವುದಿಲ್ಲ. ಸಿಂಫನಿಯಲ್ಲಿ ಆ ಷಡ್ಜವೇ ಊರೂರು ಅಲೆಯುತ್ತದೆ, ಕಡೆಗೆ ಮನೆಗೆ ಬರುತ್ತದೋ ಇಲ್ಲವೋ ಅನ್ನುವ ಆತಂಕವೇ ಅದರ ನಾಟಕ. ಇಡೀ ಮೇಳದ ಎರಡು ಜೋರು ಏಟಿನಿಂದ ಎರೋಯಿಕಾ ಶುರುವಾಗುತ್ತದೆ. ಚೆಲ್ಲೋಗಳು (ಪಿಟೀಲಿನ ಜಾತಿಯ, ದಪ್ಪ ದನಿಯ ವಾದ್ಯ) ಇ ಫ್ಲಾಟ್ ಮೇಜರ್‌ನಲ್ಲಿ ಸರಳವಾದ ಧುನ್ ಎತ್ತಿಕೊಳ್ಳುತ್ತವೆ. ಏಳನೆಯ ಬಾರ್‌ಗೆ ಬರುವಾಗ ಆ ಶ್ರುತಿಗೆ ಸೇರದ ಸಿ ಶಾರ್ಪ್ ಮೇಲೆ ಜಾರಿ ಬೀಳುತ್ತವೆ. ಆಮೇಲೆ ಹೇಗೋ ಸಾವರಿಸಿಕೊಳ್ಳುತ್ತವೆ ಅನ್ನಿ. ಅಲ್ಲಿಂದ ಬಹಳ ದೂರದಲ್ಲಿ, ಮೊದಲಿನ ಧುನ್ ಮರಳಿದಾಗ, ಅದೇ ಸ್ವರ ಈ ಸಲ ಕೆಳಕ್ಕೆ ಇಳಿದು ಬೇರೆ ಬಾಗಿಲು ತೆರೆಯುತ್ತದೆ, ಹಾರ್ನ್ (ಊದುವ ಕೊಂಬಿನ ವಾದ್ಯ) ಎಫ್ ಮೇಜರ್‌ನಲ್ಲಿ ಹಾಡುತ್ತದೆ. ಇದೊಂದನ್ನು ಓದುಗನ ಕಿವಿಗೆ ಮುಟ್ಟಿಸಿ, ನಿಮ್ಮ 'ಮಹಾಪೂರ' ಯಾರಿಗೂ ಬೇಕಾಗುವುದಿಲ್ಲ.

ಎರಡನೆಯ ಭಾಗ ಶವಯಾತ್ರೆಯ ನಡೆ ಎಂದಿದ್ದೀರಿ, ಅಷ್ಟು ಸಾಕು. ಮೂರನೆಯದರಲ್ಲಿ ಮಿನ್ಯುಯೆಟ್ ಕುಣಿತದ ಜಾಗಕ್ಕೆ ಚುರುಕು ನಡೆಯ ಸ್ಕೆರ್ಜೋ ಬಂದದ್ದನ್ನು ಒಂದು ವಾಕ್ಯದಲ್ಲಿ ಸೇರಿಸಿ.

ಇನ್ನು ತಪ್ಪುಗಳು. 1804ರಲ್ಲಿ ಅವನಿಗೆ ಏನೂ ಕೇಳಿಸುತ್ತಿರಲಿಲ್ಲ ಎಂದು ಬರೆದಿದ್ದೀರಿ. ಹಾಗಿಲ್ಲ. 1802ರಲ್ಲಿ ವಿಯೆನ್ನಾ ಹತ್ತಿರದ ಹೈಲಿಗೆನ್‌ಷ್ಟಾಟ್‌ನಿಂದ ತಮ್ಮಂದಿರಿಗೆ ಬರೆದ ಪತ್ರದಲ್ಲಿ ಕಿವಿ ಮಂದವಾಗುತ್ತಿರುವ ಸಂಕಟ ಇದೆ, ಪೂರ್ತಿ ಕಿವುಡು ಎಷ್ಟೋ ವರ್ಷ ಆಮೇಲಿನದು. ನೆಪೋಲಿಯನ್ ಚಕ್ರವರ್ತಿಯಾದ ಸುದ್ದಿ ಕೇಳಿ, ಅವನ ಹೆಸರಿದ್ದ ಎರೋಯಿಕಾದ ಮುಖಪುಟವನ್ನು ಬೀಥೋವನ್ ಹರಿದ ಕಥೆ ಶಿಷ್ಯ ರೀಸ್ ಹೇಳಿದ್ದು. ವಿಯೆನ್ನಾದಲ್ಲಿ ಉಳಿದಿರುವ ಪ್ರತಿಯಲ್ಲಿ ಬೊನಪಾರ್ಟೆಯ (ಅಂದರೆ ನೆಪೋಲಿಯನ್‌ನ) ಹೆಸರನ್ನು ಕಾಗದ ತೂತಾಗುವಷ್ಟು ಕೆರೆದು ಹಾಕಿದ್ದಾರೆ. ಹಾಗಿದ್ದೂ 1804ರದೇ ಆಗಸ್ಟ್‌ನಲ್ಲಿ ಬೀಥೋವನ್ ಪ್ರಕಾಶಕರಿಗೆ ಬರೆಯುತ್ತಾನೆ, ಸಿಂಫನಿಯ ನಿಜವಾದ ಹೆಸರು ಬೊನಪಾರ್ಟೆ ಅಂತ! ಈ ಗೊಂದಲ ನಿಮ್ಮ ಸಿನಿಮಾ ದೃಶ್ಯಕ್ಕಿಂತ ಎಷ್ಟೋ ಚೆನ್ನಾಗಿದೆ, ಅದನ್ನೇ ಬರೆಯಿರಿ.

'ಅವನಿಗಿಂತ ಮುಂಚೆ ಸಿಂಫನಿ ಅರಮನೆಯ ಮನರಂಜನೆ ಮಾತ್ರ' ಅನ್ನುವ ಸಾಲಂತೂ ನನಗೆ ಸಿಟ್ಟು ತರಿಸಿತು. ಹೈಡನ್‌ನ 45ನೆಯ ಸಿಂಫನಿ (1772), ಮೊಜಾರ್ಟ್‌ನ 40ನೆಯದು (1788), ಎರಡನ್ನೂ ಕೇಳಿ ಆಮೇಲೆ ಮಾತಾಡೋಣ. 1810ರಲ್ಲಿ ಐದನೆಯ ಸಿಂಫನಿಯ ಬಗ್ಗೆ ಬರೆದ ಜರ್ಮನ್ ಲೇಖಕ ಹಾಫ್‌ಮನ್, ಹೈಡನ್, ಮೊಜಾರ್ಟ್, ಬೀಥೋವನ್ ಮೂವರನ್ನೂ ರೊಮ್ಯಾಂಟಿಕ್ ಸಾಲಿಗೇ ಸೇರಿಸಿದ್ದ. ಬೀಥೋವನ್ ಶೂನ್ಯದಿಂದ ಹುಟ್ಟಿಸಲಿಲ್ಲ, ಇದ್ದ ರೂಪವನ್ನು ಇಟ್ಟುಕೊಂಡೇ ಅದು ತಡೆದುಕೊಳ್ಳುವ ಮಟ್ಟಿಗೆ ಹಿಗ್ಗಿಸಿದ. ಹಿಗ್ಗಿಸಿದ್ದರ ಫಲ ಬೇಕಿದ್ದರೆ ಫ್ರಾನ್ಸಿನ ಸಂಗೀತಕಾರ ಬೆರ್ಲಿಯೋಜ್ ಇದ್ದಾನೆ. 1828ರಲ್ಲಿ ಪ್ಯಾರಿಸ್‌ನಲ್ಲಿ ಬೀಥೋವನ್‌ನ ಮೂರು ಮತ್ತು ಐದನೆಯ ಸಿಂಫನಿ ಕೇಳಿದ, 1830ಕ್ಕೆ ತನ್ನ 'ಫ್ಯಾಂಟಾಸ್ಟಿಕ್' ಸಿಂಫನಿ ಮುಂದಿಟ್ಟ.

ಒಂಬತ್ತನೆಯ ಸಿಂಫನಿಯ ಪುಟವನ್ನು ಪೂರ್ತಿ ತೆಗೆಯಿರಿ. ಅದು ಬೇರೆ ಲೇಖನವೇ ಆಗುತ್ತದೆ, ಬರೆದರೆ ಖಂಡಿತ ಓದುತ್ತೇನೆ. ಬಾಲ್ಯ ಒಂದು ಪ್ಯಾರಾಕ್ಕೆ ಇಳಿಯಲಿ. ಎರಡು ಏಟಿನಿಂದಲೇ ಶುರು ಮಾಡಿ ನಾಲ್ಕು ಪುಟದೊಳಗೆ ಮತ್ತೆ ಕಳಿಸಿ, ಬೇಗ ನೋಡುತ್ತೇನೆ.

ಇಂತಿ,
ಸಂಪಾದಕ